ಬೇಲಿಯೇ ಹೊಲ ಮೇಯುವ ರೋಗ

(ನಮ್ಮ ಉಚಿತ ವಾಚನಾಲಯದಲ್ಲಿ ಕಳೆದ ತಿಂಗಳ ಎರಡನೆಯ ರವಿವಾರ ಸಂಜೆ ಮಾಡಿದ ಭಾಷಣ. ಅಂದು ಪಾಳಿಯ ಕಾರಣ ಬರಲಾಗದ ವಾಚಕರು ಕೇಳಿದುದರಿಂದ ಇಲ್ಲಿ ಅಚ್ಚು ಮಾಡಲಾಗಿದೆ.)



ನಾನು ವೈದ್ಯನಲ್ಲ. ಮೆಟ್ರಿಕ್ ಪಾಸಾಗಿ ಗಿರಣಿಯ ಆಫೀಸಿನಲ್ಲಿ ಹಾಜರಿ ಪುಸ್ತಕ, ಉಗ್ರಾಣದ ಚೀಟಿ ಬರೆಯುವವನು. ಸಂಜೆ ಎರಡು ತಾಸು ಈ ವಾಚನಾಲಯದ ಕೀಲಿಕೈ ನನ್ನ ಕೈಯಲ್ಲಿರುತ್ತದೆ, ಅಷ್ಟೇ. ಇಂಥವನು ರೋಗದ ವಿಷಯ ಮಾತಾಡಲು ನಿಂತರೆ ನಗು ಬರುವುದು ಸಹಜ. ಆದರೆ ನಾಲ್ಕು ವರ್ಷದಿಂದ ಅಕ್ಕನ ಜೊತೆಗೆ ಆಸ್ಪತ್ರೆಯ ಬಾಕಿನ ಮೇಲೆ ಕುಳಿತು ಕುಳಿತು, ಕೇಳಿ ಓದಿ, ಕೊಂಚ ತಿಳಿದುಕೊಂಡಿದ್ದೇನೆ. ಇಂದು ಹೇಳತಕ್ಕದ್ದನ್ನು ಮೊದಲೇ ಬರೆದು ಅಕ್ಕನನ್ನು ನೋಡುವ ಡಾಕ್ಟರರಿಗೆ ಓದಿ ತೋರಿಸಿದೆ. ಅವರು ಎರಡು ಕಡೆ ಗೆರೆ ಹೊಡೆದು ತಿದ್ದಿಕೊಟ್ಟರು.

ನಮ್ಮ ಅಕ್ಕ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಭಾವ ತೀರಿಕೊಂಡ ಮೇಲೆ ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದು, ಚಾಳಿನ ಕೆಳಗಿನ ಖೋಲಿಯಲ್ಲಿ ಖಾನಾವಳಿ ಹಾಕಿದಳು. ಊರು ಬಿಟ್ಟು ಬಂದವರು ಅವಳ ಕೈಯ ಜೋಳದ ರೊಟ್ಟಿ, ಎಣಗಾಯಿ ತಿಂದು ಊರನ್ನು ನೆನೆಸಿಕೊಂಡವರು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ನನ್ನನ್ನು ಎಬ್ಬಿಸಿ, “ತಮ್ಮಾ, ಬಟ್ಟು ಮಡಚಾಕ ಬರವಲ್ದು ನೋಡೋ” ಎಂದು ಎರಡೂ ಕೈ ಮುಂದೆ ಚಾಚಿದಳು. ಬೆರಳ ಬುಡದ ಗೆಣ್ಣುಗಳು, ನಡುವಿನ ಗೆಣ್ಣುಗಳು ಊದಿದ್ದವು. ಎಡಗೈಯಲ್ಲಿ ಹೇಗೋ ಬಲಗೈಯಲ್ಲೂ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಕೈ ಸಡಿಲಾಗುತ್ತಿತ್ತು, ಮರುದಿನ ಮತ್ತೆ ಅದೇ.

ವಾಯು ಎಂದರು, ನೀರಿನ ಕೈ ಎಂದರು, ವಯಸ್ಸು ಎಂದರು. ಅಕ್ಕನ ವಯಸ್ಸು ಆಗ ನಲವತ್ತೆರಡು! ಕೊನೆಗೆ ಯಾರೋ ಹೇಳಿದರೆಂದು ಒಬ್ಬರಲ್ಲಿ ಪುಡಿಯ ಪೊಟ್ಟಣ ತಂದೆವು. ಹೆಸರಿಲ್ಲ, ಚೀಟಿಯಿಲ್ಲ, ಹಳೆಯ ಪತ್ರಿಕೆಯ ತುಂಡಿನಲ್ಲಿ ಕಟ್ಟಿದ ಬಿಳಿ ಪುಡಿ. ಮೂರನೆಯ ದಿನಕ್ಕೆ ಅಕ್ಕ ಎದ್ದು ಅರವತ್ತು ರೊಟ್ಟಿ ಬಡಿದಳು. ನಾವೆಲ್ಲ ಆ ಮನುಷ್ಯನಿಗೆ ಕೈ ಮುಗಿದೆವು. ಹೀಗೆ ಎರಡು ವರ್ಷ ನಡೆಯಿತು. ಅಷ್ಟರಲ್ಲಿ ಅವಳ ಮುಖ ಚಂದ್ರನ ಹಾಗೆ ದುಂಡಗಾಯಿತು, ಸಕ್ಕರೆ ರೋಗ ಬಂತು, ಪುಡಿ ಒಂದು ದಿನ ತಪ್ಪಿದರೆ ಹಾಸಿಗೆಯಿಂದ ಏಳಲಾಗದ ನಿತ್ರಾಣ.

ಆಮೇಲೆ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಸಿಕ್ಕ ಡಾಕ್ಟರು ಬೆಳಗಾವಿ ಕಡೆಯವರು. ಎಕ್ಸ್‌ರೇ ನೋಡುವ ಮೊದಲೇ, “ಅಕ್ಕಾರ, ಮುಂಜಾನೆ ಎದ್ದ ಮ್ಯಾಲ ಕೈ ಸಡಿಲ ಆಗಾಕ ಎಷ್ಟು ಹೊತ್ತು ಹಿಡೀತದ?” ಎಂದು ಕೇಳಿದರು. ಗಡಿಯಾರ ನೋಡಿ ಗೊತ್ತಿಲ್ಲದ ಅಕ್ಕ, “ಮೊದಲಾದ್ರ ಅಷ್ಟು ಹೊತ್ತಿನಾಗ ನಲವತ್ತು ರೊಟ್ಟಿ ಬಡೀತಿದ್ದೆ, ಸಾಹೇಬರ” ಎಂದಳು. ಒಂದೂವರೆ ತಾಸೆಂದು ನಾನು ಲೆಕ್ಕ ಹಾಕಿ ಹೇಳಿದೆ. ಸವೆದ ಮೊಣಕಾಲಿನ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಬಿಡುತ್ತದೆ. ತಾಸುಗಟ್ಟಲೆ ಬಿಡದ ಬಿಗಿತ, ಎರಡೂ ಕೈಯಲ್ಲಿ ಸಮನಾದ ಊತ, ಇವು ಬೇರೆ ಕಥೆ ಹೇಳುತ್ತವೆ. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ರೋಗದ ಹೆಸರು ರುಮಟಾಯ್ಡ್ ಸಂಧಿವಾತ. ಇದು ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುತ್ತದೆ.

ಇದು ಎಂಥ ರೋಗ? ಹೊರಗಿನಿಂದ ಬಂದ ಯಾವ ಕ್ರಿಮಿಯೂ ಕೀಲುಗಳನ್ನು ತಿನ್ನುತ್ತಿಲ್ಲ. ಕ್ರಿಮಿಗಳನ್ನು ಕೊಲ್ಲಲೆಂದು ಮೈಯಲ್ಲಿರುವ ಕಾವಲುಪಡೆಯೇ ತನ್ನ ಕೀಲುಗಳನ್ನು ಪರರದೆಂದು ತಿಳಿದು ಹೊಡೆಯುತ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. 20ನೆಯ ಶತಮಾನದ ಆರಂಭದಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವಿದ್ವಾಂಸ, ಮೈ ತನ್ನನ್ನೇ ಹೊಡೆದುಕೊಳ್ಳಲು ಹೆದರುತ್ತದೆ ಎಂದಿದ್ದ. ಅವನ ಮಾತಿನ ಗೌರವದಿಂದ ಬಹುಕಾಲ ಹೆಚ್ಚಿನವರು ಇಂಥ ರೋಗವನ್ನು ನಂಬಲಿಲ್ಲ. 1956ರಲ್ಲಿ ಅಮೆರಿಕದ ಬಫಲೋದಲ್ಲಿ ರೋಸ್ ಮತ್ತು ವಿಟೆಬ್ಸ್ಕಿ ಎಂಬವರು, ಮೊಲದ ಮೈ ತನ್ನ ಥೈರಾಯ್ಡ್ ಗ್ರಂಥಿಯನ್ನೇ ಹಾಳುಮಾಡಿಕೊಳ್ಳಬಲ್ಲದೆಂದು ತೋರಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಮನುಷ್ಯರಲ್ಲೂ ಅಂಥದೇ ಕಂಡುಬಂತು.

ಇನ್ನು ಮುಖ್ಯ ವಿಷಯ. ಕಾವಲುಪಡೆಯ ಜೀವಕಣಗಳಿಗೆ ಬಾಯಿಯಿಲ್ಲ, ಕಿವಿಯಿಲ್ಲ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಹೇಗೆ? ಗಿರಣಿಯಲ್ಲಿ ನಾವು ಮಾಡುವಂತೆ, ಚೀಟಿಯಿಂದ. ಒಂದು ಕಣ ಸಣ್ಣದೊಂದು ಪ್ರೋಟೀನ್ ಅಣುವನ್ನು ಹೊರಗೆ ಬಿಡುತ್ತದೆ. ಅದು ಇನ್ನೊಂದು ಕಣದ ಮೈಮೇಲಿರುವ ತನ್ನ ಪೆಟ್ಟಿಗೆಯಲ್ಲಿ ಹೋಗಿ ಕೂತರೆ ಆ ಕಣ ಕೆಲಸಕ್ಕೆ ಏಳುತ್ತದೆ, ಇಲ್ಲವೆ ಸುಮ್ಮನಾಗುತ್ತದೆ. ಈ ಅಣುಗಳಿಗೆ ಸೈಟೊಕೈನ್ ಎಂದು ಹೆಸರು. ಕೆಲವು “ನುಗ್ಗು” ಎನ್ನುವ ಚೀಟಿ, ಕೆಲವು “ಸಾಕು, ನಿಲ್ಲು” ಎನ್ನುವ ಚೀಟಿ. ಬೆರಳಿಗೆ ಮುಳ್ಳು ಚುಚ್ಚಿ ಕೆಂಪಗಾಗಿ ಊದಿ, ನಾಲ್ಕು ದಿನಕ್ಕೆ ಇಳಿಯುತ್ತದಲ್ಲ, ಊದುವುದು ಮೊದಲಿನ ಚೀಟಿಯ ಕೆಲಸ, ಇಳಿಯುವುದರಲ್ಲಿ ಎರಡನೆಯದರ ಕೈ ಇದೆ. ಅಕ್ಕನ ಕೀಲುಗಳಲ್ಲಿ ಊದುವ ಚೀಟಿ ನಿಲ್ಲದೆ ಬರುತ್ತಲೇ ಇದೆ.

ಅಂಥ ಚೀಟಿಗಳಲ್ಲಿ ಒಂದರ ಹೆಸರು ಟಿ.ಎನ್.ಎಫ್. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಲಿಯ ಗಡ್ಡೆಗಳನ್ನು ಸಾಯಿಸುವ ವಸ್ತುವೆಂದು ಇದಕ್ಕೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್ ಎಂದು ಹೆಸರಿಟ್ಟರು. ಕೀಲಿನೊಳಗೆ ಇದರ ಕೆಲಸ ಬೇರೆ. ರಕ್ತನಾಳದ ಒಳಗೋಡೆಯನ್ನು ಅಂಟಂಟು ಮಾಡಿ, ಹರಿದು ಹೋಗುವ ಬಿಳಿ ಕಣಗಳನ್ನು ಹಿಡಿದು ಕೀಲಿಗೆ ಎಳೆಯುತ್ತದೆ. ಕೀಲಿನ ತೆಳು ಪೊರೆ ದಪ್ಪವಾಗಿ ಬೆಳೆದು ಪಕ್ಕದ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯತೊಡಗುತ್ತದೆ. ಇನ್ನಷ್ಟು ಚೀಟಿ ಬರೆಯಿರೆಂದು ಪಕ್ಕದ ಕಣಗಳಿಗೂ ಹೇಳುತ್ತದೆ. ಅವುಗಳಲ್ಲಿ ಒಂದಾದ ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ಹೊರಟು ಯಕೃತ್ತಿಗೆ ಮುಟ್ಟಿದಾಗ, ಯಕೃತ್ತು ಸಿ.ಆರ್.ಪಿ. ಎಂಬ ಪ್ರೋಟೀನನ್ನು ತಯಾರಿಸಿ ಬಿಡುತ್ತದೆ. ನಿಮ್ಮಲ್ಲಿ ಯಾರ ರಿಪೋರ್ಟಿನಲ್ಲಾದರೂ ಸಿ.ಆರ್.ಪಿ. ಹೆಚ್ಚು ಎಂದಿದ್ದರೆ, ಮೈಯಲ್ಲಿ ಎಲ್ಲಿಯೋ ಗದ್ದಲ ನಡೆದಿದೆಯೆಂದು ಅರ್ಥ. ಎಲ್ಲಿ, ಏಕೆ ಎಂಬುದನ್ನು ಅದೊಂದೇ ಹೇಳಲಾರದು.

ಇಷ್ಟೊಂದು ಚೀಟಿಗಳ ನಡುವೆ ಒಂದನ್ನು ಹಿಡಿದರೆ ಏನು ಫಲ, ಉಳಿದವು ಕೆಲಸ ನಡೆಸುವುದಿಲ್ಲವೇ ಎಂದು ದೊಡ್ಡ ವಿದ್ವಾಂಸರೇ ಅಂದರು. ಲಂಡನ್ನಿನ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದ್ರ ಮೈನಿ ಎಂಬವರು ಹಾಗೆ ಸುಮ್ಮನಾಗಲಿಲ್ಲ. ಈ ಮೈನಿಯವರು ಹುಟ್ಟಿದ್ದು ನಮ್ಮ ಪಂಜಾಬಿನ ಲುಧಿಯಾನದಲ್ಲಿ, 1937ರಲ್ಲಿ. ರೋಗಿಗಳ ಕೀಲಿನ ಕಣಗಳನ್ನು ಗಾಜಿನ ಬಟ್ಟಲಲ್ಲಿ ಬೆಳೆಸಿ ಟಿ.ಎನ್.ಎಫ್. ಒಂದನ್ನೇ ತಡೆದು ನೋಡಿದಾಗ, ಅದರ ಹಿಂದಿನ ಇನ್ನೊಂದು ಚೀಟಿಯೂ ಇಳಿದುದು 1989ರಲ್ಲಿ ಅವರ ತಂಡಕ್ಕೆ ಕಂಡಿತು. ಎಂದರೆ ಟಿ.ಎನ್.ಎಫ್. ಸಾಲಿನ ತಲೆಯಲ್ಲಿದೆ, ತಲೆಯಾಳನ್ನು ನಿಲ್ಲಿಸಿದರೆ ಸಾಲು ನಿಲ್ಲುತ್ತದೆ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಔಷಧಕ್ಕೆ ಬಗ್ಗದ 20 ಮಂದಿ ರೋಗಿಗಳಿಗೆ, ಟಿ.ಎನ್.ಎಫ್. ಅನ್ನು ದಾರಿಯಲ್ಲೇ ಹಿಡಿದು ಕಟ್ಟಿಹಾಕುವ ಒಂದು ಪ್ರತಿಕಾಯವನ್ನು ರಕ್ತನಾಳದ ಮೂಲಕ ಕೊಟ್ಟರು. ಬಿಗಿತವೂ ನೋವೂ ಬೇಗನೆ ಇಳಿದವು. ಆದರೆ ಮದ್ದಿನ ಬಲ ತೀರಿದಾಗ ರೋಗ ಮರಳಿತು. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬರಿಯ ನೀರುಮದ್ದು ಪಡೆದ 24 ಜನರಲ್ಲಿ ನಾಲ್ಕು ವಾರದ ಹೊತ್ತಿಗೆ ಗುಣ ಕಂಡವರು 2. ನಿಜವಾದ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದ 24 ಜನರಲ್ಲಿ 19. ಲೆಕ್ಕದ ಕೆಲಸ ಮಾಡುವ ನನಗೆ ಈ ಎರಡು ಅಂಕಿಗಳು ಯಾವ ವರ್ಣನೆಗಿಂತಲೂ ಹೆಚ್ಚು ಮಾತಾಡಿದವು.

ಇಲ್ಲಿ ಒಂದು ಎಚ್ಚರಿಕೆ. ಮೈ ತನ್ನನ್ನೇ ಹೊಡೆಯುವ ರೋಗಗಳೆಲ್ಲ ಒಂದೇ ಎಂದು ತಿಳಿಯಬಾರದು. ಟಿ.ಎನ್.ಎಫ್. ತಡೆಯುವುದರಿಂದ ಕೀಲಿನ ರೋಗಕ್ಕೆ, ಬೆನ್ನೆಲುಬಿನ ಒಂದು ಜಾತಿಯ ಬಿಗಿತಕ್ಕೆ, ಸೋರಿಯಾಸಿಸ್ ಚರ್ಮರೋಗಕ್ಕೆ, ಕರುಳಿನ ಕ್ರೋನ್ ರೋಗಕ್ಕೆ ಗುಣವಾಗುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ರೋಗವೂ ಇದೇ ಕುಲದ್ದು. ಅದಕ್ಕೂ ಆದೀತೆಂದು ಪ್ರಯೋಗಿಸಿದಾಗ, ರೋಗ ಹೆಚ್ಚು ಕೆರಳಿತೆಂದು 1999ರಲ್ಲಿ ವರದಿಯಾಯಿತು. ಚೀಟಿ ಒಂದೇ, ಖಾತೆ ಬೇರೆಯಾದರೆ ಅರ್ಥ ಬೇರೆ. ನೆರೆಮನೆಯವರಿಗೆ ಹಿಡಿದ ಮಾತ್ರೆ ನಮಗೂ ಹಿಡಿದೀತೆಂಬ ನಮ್ಮ ಜನರ ನಂಬಿಕೆ ನೆನೆದರೆ ನನಗೆ ಈಗ ಭಯವಾಗುತ್ತದೆ.

“ನಿಲ್ಲು” ಎನ್ನುವವರ ವಿಷಯವನ್ನೂ ಹೇಳಬೇಕು. ಜಪಾನಿನ ಶಿಮೋನ್ ಸಾಕಾಗುಚಿ ಎಂಬವರು 1995ರಲ್ಲಿ, ಕಾವಲುಪಡೆಯಲ್ಲೇ ಒಂದು ಜಾತಿಯ ಕಣಗಳು ಉಳಿದವರನ್ನು ತಡೆದು ನಿಲ್ಲಿಸಲೆಂದೇ ಇವೆಯೆಂದು ತೋರಿಸಿಕೊಟ್ಟರು. ನಮ್ಮಲ್ಲಿ ಜಗಳ ಬಿಡಿಸುವ ಮುಕಾದಮರಿದ್ದಂತೆ ಎನ್ನಿ. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದಲ್ಲಿ ಮೈಯೆಲ್ಲ ಹೊಪ್ಪಳೆಯೆದ್ದ ಗಂಡು ಇಲಿಮರಿಗಳು ಹುಟ್ಟಿದ್ದವು, ಕೆಲವೇ ವಾರ ಬದುಕುತ್ತಿದ್ದವು. ಆ ಇಲಿಗಳಲ್ಲಿ ಕೆಟ್ಟಿದ್ದ ವಂಶವಾಹಿ ಯಾವುದೆಂದು ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಮತ್ತು ಅವರ ಜೊತೆಯವರು 2001ರಲ್ಲಿ ಪತ್ತೆ ಹಚ್ಚಿದರು. ಅದರ ಹೆಸರು ಫಾಕ್ಸ್‌ಪಿ-3. ಅದು ಕೆಟ್ಟರೆ ಗಂಡುಮಕ್ಕಳಲ್ಲೂ ಎಳೆತನದಲ್ಲೇ ಕರುಳು, ಚರ್ಮ, ಸಕ್ಕರೆಯನ್ನು ಹತೋಟಿಯಲ್ಲಿಡುವ ಗ್ರಂಥಿ ಎಲ್ಲಕ್ಕೂ ತಮ್ಮದೇ ಕಾವಲುಪಡೆಯ ಪೆಟ್ಟು ಬೀಳುತ್ತದೆ. ಮುಕಾದಮ ಕಣಗಳು ತಯಾರಾಗಲು ಬೇಕಾದುದು ಈ ವಂಶವಾಹಿಯೇ ಎಂದು ಸಾಕಾಗುಚಿ ಮೊದಲಾದವರು 2003ರಲ್ಲಿ ಎರಡೂ ಎಳೆಗಳನ್ನು ಕೂಡಿಸಿದರು. ಈ ಮೂವರಿಗೆ 2025ರ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಬಂದುದನ್ನು ನಮ್ಮ ವಾಚನಾಲಯದ ಪತ್ರಿಕೆಗಳಲ್ಲೂ ಓದಿದ್ದೀರಿ.

ಮತ್ತೆ ಅಕ್ಕನ ಪುಡಿಗೆ ಬರುತ್ತೇನೆ. ಮುಖದ ದುಂಡು ನೋಡಿಯೇ ಡಾಕ್ಟರರು ಅದರಲ್ಲಿ ಸ್ಟಿರಾಯ್ಡ್ ಇದ್ದಿರಬೇಕೆಂದರು. ಸ್ಟಿರಾಯ್ಡ್ ವಿಷವೇನಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ, ಇದೇ ರೋಗದಿಂದ ನಡೆಯಲಾಗದೆ ಮಲಗಿದ್ದ 29 ವರ್ಷದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿದಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದು ಪೇಟೆಗೆ ಹೋದಳು. 1950ರಲ್ಲಿ ಅದಕ್ಕೂ ನೊಬೆಲ್ ಬಂತು. ಅದರ ಕೆಡುಕುಗಳು ಆಮೇಲೆ ಒಂದೊಂದಾಗಿ ಕಾಣಿಸಿದವು. ಟಿ.ಎನ್.ಎಫ್. ತಡೆಯುವ ಮದ್ದು ಒಂದು ಚೀಟಿಯನ್ನು ಹಿಡಿದರೆ, ಸ್ಟಿರಾಯ್ಡ್ ಗಿರಣಿಯ ಮೇನ್ ಸ್ವಿಚ್ಚನ್ನೇ ಇಳಿಸುತ್ತದೆ. ಗದ್ದಲ ನಿಲ್ಲುತ್ತದೆ, ಜೊತೆಗೆ ಬೇಕಾದ ಯಂತ್ರವೂ ನಿಲ್ಲುತ್ತದೆ. ಎಲುಬು ಸವೆಯುತ್ತದೆ, ಸಕ್ಕರೆ ಏರುತ್ತದೆ. ಬಹುಕಾಲ ತೆಗೆದುಕೊಂಡರೆ ಮೈ ತಾನೇ ತಯಾರಿಸುವ ಸ್ಟಿರಾಯ್ಡನ್ನು ನಿಲ್ಲಿಸಿಬಿಡುತ್ತದೆ, ಆದುದರಿಂದ ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಅಕ್ಕನಿಗೆ ಅಳತೆಯ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಅಂಥ ಪುಡಿ ತಿನ್ನುವವರು ಇಲ್ಲಿ ಯಾರಾದರೂ ಇದ್ದರೆ, ನನ್ನ ಮಾತು ಕೇಳಿ ನಾಳೆಯೇ ಎಸೆಯಬೇಡಿ. ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರರ ಹತ್ತಿರ ಹೋಗಿ.

ಅವಳಿಗೆ ಕೊಟ್ಟ ಮುಖ್ಯ ಔಷಧ ಮೆಥೊಟ್ರೆಕ್ಸೇಟ್. ಬೆಲೆ ಹೆಚ್ಚಿಲ್ಲ. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ನಡೆಸಿದ ಸಂಶೋಧನೆಯಿಂದ ಬಂದ ಮದ್ದು ಇದು. ಮೊದಲು ಇದರ ಬಳಕೆ ರಕ್ತದ ಕ್ಯಾನ್ಸರಿಗೆ. ಆಮೇಲೆ ಬಹಳ ಕಡಿಮೆ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಕೊಟ್ಟರೆ ಕೀಲಿನ ಗದ್ದಲ ತಗ್ಗುತ್ತದೆಂದು ಕಂಡುಬಂದು, 1988ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕಿತು. ವಾರಕ್ಕೊಮ್ಮೆ. ಈ ಶಬ್ದವನ್ನು ನಾನು ಏಕೆ ಒತ್ತಿ ಹೇಳುತ್ತೇನೆಂಬುದನ್ನು ಕೇಳಿ.

ಅಕ್ಕನಿಗೆ ಓದು ಬಾರದು. ಡಾಕ್ಟರರು ಬರೆದುದನ್ನು ನೋಡಿ ಪ್ರತಿ ಮಾತ್ರೆಯ ಲಕೋಟೆಯ ಮೇಲೆ ಕನ್ನಡದಲ್ಲಿ ಗುರುತು ಹಾಕಿ, ಬಾಯಲ್ಲಿ ಹೇಳಿಕೊಡುವುದು ನನ್ನ ಕೆಲಸ. ಅಂದು ತಿಂಗಳ ಕೊನೆ, ಪಗಾರದ ಲೆಕ್ಕ ಮುಗಿಸಿ ರಾತ್ರಿ ಹತ್ತಕ್ಕೆ ಮನೆಗೆ ಬಂದಿದ್ದೆ. ಐದು ಲಕೋಟೆಗಳಿದ್ದವು. ನಾಲ್ಕರ ಮೇಲೆ “ದಿನಾಲು ಒಂದು” ಎಂದು ಬರೆದ ಕೈ ಐದನೆಯದರ ಮೇಲೂ ಹಾಗೆಯೇ ಬರೆಯಿತು. ಆರನೆಯ ದಿನ ಅಕ್ಕನ ಬಾಯಿತುಂಬ ಹುಣ್ಣು, ನೀರು ನುಂಗಲಾಗದು. ಉಷ್ಣವೆಂದು ಮಜ್ಜಿಗೆ ಕುಡಿಸಿದೆವು. ಮರುದಿನ ಜ್ವರ ಬಂತು. ಆಸ್ಪತ್ರೆಗೆ ಒಯ್ದಾಗ ಡಾಕ್ಟರರು ಲಕೋಟೆ ತಿರುಗಿಸಿ ನೋಡಿ, “ಇದನ್ನ ಯಾರು ಬರದವ್ರು?” ಎಂದರು. ರಕ್ತದ ಬಿಳಿ ಕಣಗಳು ತೀರ ಇಳಿದಿದ್ದವು. ಹನ್ನೊಂದು ದಿನ ಒಳಗೆ ಇಟ್ಟುಕೊಂಡು, ಆ ಮದ್ದಿಗೆ ಎದುರಾದ ಫೋಲಿನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟು ಉಳಿಸಿಕೊಂಡರು. ಆ ಹನ್ನೊಂದು ದಿನದಲ್ಲಿ ಅಕ್ಕ ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಡೀ ಗಿರಣಿಯ ಚೀಟಿಯಲ್ಲಿ ಒಂದು ಅಂಕಿ ತಪ್ಪದಂತೆ ಬರೆಯುತ್ತೇನೆಂದು ಹೆಮ್ಮೆ ಪಡುತ್ತಿದ್ದವನು ನಾನು.

ಈಗ ಆ ಲಕೋಟೆಯ ಮೇಲೆ “ರವಿವಾರ ರಾತ್ರಿ ಮಾತ್ರ” ಎಂದು ಕೆಂಪು ಶಾಯಿಯಲ್ಲಿದೆ, ಪಕ್ಕದಲ್ಲಿ ಅಕ್ಕನಿಗೆ ಗುರುತಾಗಲೆಂದು ಒಂದು ಸೂರ್ಯನ ಚಿತ್ರ. ಫೋಲಿಕ್ ಆಮ್ಲದ ಮಾತ್ರೆ ಬೇರೆ ದಿನ. ಈ ಮದ್ದು ತೆಗೆದುಕೊಳ್ಳುವವರು ಕುಡಿತದಿಂದ ದೂರವಿರಬೇಕು, ಹೇಳಿದ ಹೊತ್ತಿಗೆ ರಕ್ತ ತೋರಿಸಬೇಕು. ಗರ್ಭಿಣಿಯರು ಮುಟ್ಟಲೇಬಾರದು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ಡಾಕ್ಟರರಿಗೆ ಹೇಳಬೇಕು.

ಮಾತ್ರೆಗಳಿಂದ ಹಿಡಿತಕ್ಕೆ ಬಾರದಿದ್ದರೆ ಟಿ.ಎನ್.ಎಫ್. ತಡೆಯುವ ಇಂಜೆಕ್ಷನ್ ಎಂದು ನಮಗೂ ಹೇಳಿದ್ದರು. ಮೊದಲು ಇದು ಪರದೇಶದಿಂದಲೇ ಬರುತ್ತಿತ್ತು. ಅಡಾಲಿಮುಮ್ಯಾಬ್ ಎಂಬುದನ್ನು 2014ರಿಂದ ನಮ್ಮ ದೇಶದ ಕಂಪನಿಯೂ ತಯಾರಿಸಿ ಮಾರುತ್ತಿದೆ, ಆದರೂ ಬಡವರ ಕೈಗೆ ಎಟುಕುವುದು ಸುಲಭವಲ್ಲ. ಸೋರಿಯಾಸಿಸ್ಸಿಗೆಂದು ಕಾವಲು ಕಣಗಳ ಮೇಲಿನ ಸಿಡಿ-6 ಎಂಬ ಅಣುವನ್ನು ಹಿಡಿಯುವ ಇಟೊಲಿಝುಮ್ಯಾಬ್ ಎಂಬ ಮದ್ದನ್ನು ಬೆಂಗಳೂರಿನ ಬಯೋಕಾನ್ ಕಂಪನಿ, ಕ್ಯೂಬಾ ದೇಶದವರ ಜೊತೆ ಸೇರಿ ಬೆಳೆಸಿ, 2013ರಲ್ಲಿ ಹೊರತಂದಿತು.

ಇಂಜೆಕ್ಷನ್ನಿಗೆ ಮುಂಚೆ ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ಇದು ನಮ್ಮಂಥವರಿಗೆ ಬಹಳ ಮುಖ್ಯ. ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಮಲಗುವ ನಮ್ಮಲ್ಲಿ ಕ್ಷಯದ ಕ್ರಿಮಿ ಎಷ್ಟೋ ಜನರ ಎದೆಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಅದರ ಸುತ್ತ ಕಾವಲು ಕಣಗಳು ಗೋಡೆ ಕಟ್ಟಿ ಕೂಡಿಹಾಕಿರುತ್ತವೆ. ಆ ಗೋಡೆಯನ್ನು ಗಟ್ಟಿಯಾಗಿ ನಿಲ್ಲಿಸುವ ಚೀಟಿ ಯಾವುದು ಗೊತ್ತೇ? ಇದೇ ಟಿ.ಎನ್.ಎಫ್! ಕೀಲನ್ನು ಕೊರೆಯುವ ಅಣುವೇ ಎದೆಯಲ್ಲಿ ನಮ್ಮನ್ನು ಕಾಯುತ್ತಿದೆ. ಅದನ್ನು ತಡೆದಾಗ ಗೋಡೆ ಸಡಿಲಾಗಿ ಕ್ರಿಮಿ ಹೊರಬೀಳಬಹುದು. ಈ ಬಗೆಯ ಮೊದಲ ಔಷಧ ಪಡೆದವರಲ್ಲಿ 70 ಮಂದಿಗೆ ಕ್ಷಯ ಬಂದುದು 2001ರಲ್ಲಿ ವರದಿಯಾಯಿತು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಶ್ವಾಸಕೋಶದ ಹೊರಗೆ ಹರಡಿತ್ತು. ಅಂದಿನಿಂದ ಮೊದಲು ಎದೆಯ ಎಕ್ಸ್‌ರೇ, ಚರ್ಮದ ಇಲ್ಲವೆ ರಕ್ತದ ಪರೀಕ್ಷೆ, ಮಲಗಿದ ಕ್ಷಯವಿದ್ದರೆ ಅದಕ್ಕೆ ಮಾತ್ರೆ, ಆಮೇಲೆ ಇಂಜೆಕ್ಷನ್ ಎಂಬ ಕ್ರಮ ಬಂತು. ಭಾವ ತೀರಿಕೊಂಡದ್ದು ಕ್ಷಯದಿಂದ. ಈ ಸಂಗತಿಯನ್ನು ಅಕ್ಕ ನಾಚಿಕೆಯಿಂದ ಡಾಕ್ಟರರಿಗೆ ಹೇಳಿರಲೇ ಇಲ್ಲ, ನಾನೂ ಸುಮ್ಮನಿದ್ದೆ. ದಯವಿಟ್ಟು ಮುಚ್ಚಿಡಬೇಡಿ. ಅದೃಷ್ಟಕ್ಕೆ ಅಕ್ಕನಿಗೆ ಇಂಜೆಕ್ಷನ್ನಿನ ಗರಜೇ ಬೀಳಲಿಲ್ಲ.

ನಮ್ಮ ಕಸಬಿಗೆ ಸಂಬಂಧಿಸಿದ ಒಂದು ಮಾತು. ಬೀಡಿ ಸಿಗರೇಟು ಈ ರೋಗಕ್ಕೆ ದಾರಿ ಮಾಡುತ್ತದೆಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. 2016ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನವೊಂದು, ಬಟ್ಟೆಯ ಧೂಳಿನಲ್ಲಿ ದುಡಿದ ಹೆಂಗಸರಲ್ಲಿ ಈ ರೋಗ ಹೆಚ್ಚು ಎಂದು ಹೇಳಿತು. ಧೂಳೇ ಕಾರಣವೆಂದು ಅದೊಂದರಿಂದ ತೀರ್ಮಾನಿಸಲಾಗದು. ಆದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರೆಂದರೆ ನಗುವ ತರುಣರು ನಮ್ಮ ಖಾತೆಯಲ್ಲೇ ಇದ್ದಾರೆ, ಇಲ್ಲಿಯೂ ಕುಳಿತಿದ್ದಾರೆ.

ಬೆಳಿಗ್ಗೆ ತಾಸುಗಟ್ಟಲೆ ಕೈ ಬಿಗಿಯುವವರು, ಊತ ಆರು ವಾರಕ್ಕೂ ಇಳಿಯದವರು ನಿಮ್ಮ ಮನೆಯಲ್ಲಿದ್ದರೆ ನನ್ನನ್ನು ವಾಚನಾಲಯದಲ್ಲಿ ಕಾಣಿ. ಯಾವ ದಿನ ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕೆಂದು ಹೇಳುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ, ಬೇಕಾದರೆ ಜೊತೆಗೆ ಬರುತ್ತೇನೆ. ಲಕೋಟೆಯ ಮೇಲೆ ಬರೆಯುವುದಾದರೆ ಬರೆದುದನ್ನು ಇನ್ನೊಬ್ಬರಿಂದ ಓದಿಸಿಯೇ ಕೊಡುತ್ತೇನೆ.

ಪುಡಿಯಲ್ಲಿ ಕಳೆದ ಎರಡು ವರ್ಷದಲ್ಲಿ ಅಕ್ಕನ ಬಲಗೈಯ ಎರಡು ಬೆರಳು ಸೊಟ್ಟಗಾದವು, ಅವು ಇನ್ನು ನೆಟ್ಟಗಾಗವು. ಉಳಿದವು ಮಡಚುತ್ತವೆ. ಹೊತ್ತಿಗೆ ಹದಿನೈದಿಪ್ಪತ್ತು ರೊಟ್ಟಿ ಬಡಿಯುತ್ತಾಳೆ, ಮಿಕ್ಕದ್ದನ್ನು ತಂಗಿಯ ಮಗಳು ಬಡಿಯುತ್ತಾಳೆ. ರವಿವಾರದ ಮಾತ್ರೆಯಿಂದ ಮರುದಿನ ಮಧ್ಯಾಹ್ನದವರೆಗೆ ಅವಳಿಗೆ ಹೊಟ್ಟೆ ತೊಳಸುತ್ತದೆ. ಸೋಮವಾರ ಮುಂಜಾನೆ ಖಾನಾವಳಿ ಏಕೆ ಮುಚ್ಚಿರುತ್ತದೆಂದು ನಿಮ್ಮಲ್ಲಿ ಕೆಲವರು ಗೊಣಗುತ್ತಿದ್ದಿರಿ. ಕಾರಣ ಇದು. ರಾತ್ರಿ ಊಟಕ್ಕೆ ತಪ್ಪದೆ ಬನ್ನಿ.